ಗಾರ್ಮೆಂಟ್ಸ್‌ನಲ್ಲಿ ಜನ ಯಾಕೆ ನಿಲ್ಲುವುದಿಲ್ಲ?

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ ಕಡೆ ಓಡಾಡುವವರಿಗೆ ಆ ಬೋರ್ಡು ಗೊತ್ತಿರುತ್ತದೆ. 'ಟೈಲರ್‌ಗಳು, ಹೆಲ್ಪರ್‌ಗಳು ಬೇಕಾಗಿದ್ದಾರೆ. ಪಿಎಫ್, ಇಎಸ್‌ಐ ಸೌಲಭ್ಯ ಇದೆ.' ವರ್ಷವಿಡೀ ಗೇಟಿನ ಮೇಲೆ ಇರುತ್ತದೆ. ಈಗ ಮದ್ದೂರು, ಮಂಡ್ಯ, ರಾಮನಗರ, ದೊಡ್ಡಬಳ್ಳಾಪುರದ ಕಡೆಯೂ ಅದೇ ಬೋರ್ಡು ಕಾಣುತ್ತದೆ. ಮ್ಯಾನೇಜರ್‌ಗಳನ್ನು ಕೇಳಿದರೆ ಬರುವ ಉತ್ತರವೂ ಒಂದೇ: 'ಏನ್ ಮಾಡೋದು ಸಾರ್, ಜನ ನಿಲ್ಲಲ್ಲ.'

ಈ ಮಾತಿನಲ್ಲಿ ತಪ್ಪೆಲ್ಲ ಕೆಲಸ ಬಿಟ್ಟು ಹೋದ ಹೆಣ್ಣುಮಕ್ಕಳದ್ದೇ ಅನ್ನುವ ಧಾಟಿ ಇದೆ. ಅವರಿಗೆ ಒಂದು ಕಡೆ ಕೂತು ಕೆಲಸ ಮಾಡುವ ಬುದ್ಧಿ ಇಲ್ಲ, ಹಬ್ಬ ಬಂದರೆ ಊರಿಗೆ ಹೋಗುತ್ತಾರೆ, ಪಕ್ಕದ ಫ್ಯಾಕ್ಟರಿಯಲ್ಲಿ ನೂರು ರೂಪಾಯಿ ಜಾಸ್ತಿ ಅಂದರೆ ಓಡುತ್ತಾರೆ ಎಂದೆಲ್ಲ. ನಾನು ಇದನ್ನು ಒಪ್ಪುವುದಿಲ್ಲ. ಕೆಲಸ ಬಿಡುವುದರ ಹಿಂದೆ ಲೆಕ್ಕ ಇದೆ. ಆ ಲೆಕ್ಕ ಹುಟ್ಟುವುದು ಫ್ಯಾಕ್ಟರಿ ಕೆಲಸ ನಡೆಸುವ ರೀತಿಯಿಂದ. ಬೆಂಗಳೂರಿನ ಫ್ಯಾಕ್ಟರಿಗಳಲ್ಲೇ ನಡೆದ ಕೆಲವು ಒಳ್ಳೆಯ ಅಧ್ಯಯನಗಳು ಇದನ್ನು ಸ್ಪಷ್ಟವಾಗಿ ತೋರಿಸಿವೆ. ಅವು ಅರ್ಥವಾಗಬೇಕಾದರೆ ಮೊದಲು ಫ್ಲೋರಿನ ಮೇಲೆ ಏನು ನಡೆಯುತ್ತದೆ ಅನ್ನುವುದನ್ನು ನೋಡಬೇಕು.

ರಫ್ತು ಫ್ಯಾಕ್ಟರಿಯಲ್ಲಿ ಒಂದು ಶರ್ಟನ್ನು ಒಬ್ಬರೇ ಹೊಲಿಯುವುದಿಲ್ಲ. ಒಬ್ಬರು ಕಾಲರ್ ಹೊಲಿದರೆ ಇನ್ನೊಬ್ಬರು ಅದನ್ನು ಶರ್ಟಿನ ಮೈಗೆ ಕೂಡಿಸುತ್ತಾರೆ. ಒಬ್ಬರದ್ದು ಜೇಬು, ಒಬ್ಬರದ್ದು ತೋಳು, ಒಬ್ಬರದ್ದು ಕಫ್, ಕೊನೆಯಲ್ಲಿ ಕಾಜ, ಗುಂಡಿ, ಚೆಕಿಂಗ್. ಹೀಗೆ ಸಾಲಾಗಿ ಕೂತ ಮಷೀನುಗಳಿಗೆ ಲೈನ್ ಅಥವಾ ಬ್ಯಾಚ್ ಎನ್ನುತ್ತಾರೆ. ಸ್ಟಾಪ್‌ವಾಚ್ ಹಿಡಿದ ಎಂಜಿನಿಯರ್ ಒಬ್ಬರು ಪ್ರತಿ ಕೆಲಸಕ್ಕೂ ಇಷ್ಟು ಸಮಯ ಎಂದು ಮೊದಲೇ ಗೊತ್ತು ಮಾಡಿರುತ್ತಾರೆ. ಎಲ್ಲ ಕೆಲಸಗಳ ಸಮಯ ಕೂಡಿದರೆ ಒಂದು ಶರ್ಟಿಗೆ ಬೇಕಾದ ಒಟ್ಟು ನಿಮಿಷ ಸಿಗುತ್ತದೆ. ಇದನ್ನೇ ಫ್ಯಾಕ್ಟರಿಯವರು 'ಸ್ಯಾಮ್' ಎನ್ನುತ್ತಾರೆ. ಟಾರ್ಗೆಟ್ ಹುಟ್ಟುವುದು ಇಲ್ಲಿಂದ.

ಒಂದು ಲೆಕ್ಕ ಮಾಡಿ ನೋಡೋಣ. ಬ್ಯಾಚಿನಲ್ಲಿ 40 ಜನ ಇದ್ದಾರೆ. ದಿನಕ್ಕೆ 8 ಗಂಟೆ, ಅಂದರೆ ತಲಾ 480 ನಿಮಿಷ. ಒಟ್ಟು 19,200 ನಿಮಿಷ ಆಯಿತು. ಶರ್ಟಿನ ಸ್ಯಾಮ್ 24 ನಿಮಿಷ ಎಂದುಕೊಂಡರೆ, ಒಂದು ನಿಮಿಷವೂ ಹಾಳಾಗದಿದ್ದರೆ ದಿನಕ್ಕೆ 800 ಶರ್ಟ್ ಬರಬೇಕು. ಅಷ್ಟು ಯಾವತ್ತೂ ಬರುವುದಿಲ್ಲ. ದಾರ ತುಂಡಾಗುತ್ತದೆ, ಸೂಜಿ ಮುರಿಯುತ್ತದೆ, ಕಟಿಂಗ್ ವಿಭಾಗದಿಂದ ಬರುವ ಬಟ್ಟೆ ತುಂಡುಗಳ ಬಂಡಲ್ ತಡವಾಗುತ್ತದೆ, ಮನುಷ್ಯರು ನೀರು ಕುಡಿಯಬೇಕು, ಬಾತ್‌ರೂಮಿಗೆ ಹೋಗಬೇಕು. ಹಾಗಾಗಿ ಶೇ 60 ಎಂದು ಟಾರ್ಗೆಟ್ ಇಟ್ಟರೆ ದಿನಕ್ಕೆ 480 ಶರ್ಟ್, ಗಂಟೆಗೆ 60. ಬ್ಯಾಚಿನ ತುದಿಯಲ್ಲಿರುವ ಬೋರ್ಡಿನ ಮೇಲೆ ಗಂಟೆಗೊಮ್ಮೆ ಬರೆಯುವುದು ಈ ಸಂಖ್ಯೆಯನ್ನೇ. ಒಂದು ಕಡೆ ಟಾರ್ಗೆಟ್, ಇನ್ನೊಂದು ಕಡೆ ಬಂದಿರುವ ಪೀಸ್.

ಈಗ ಕಾಲರ್ ಕೂಡಿಸುವಾಕೆ ಒಂದು ದಿನ ಬರಲಿಲ್ಲ. ಮಗುವಿಗೆ ಜ್ವರ ಇರಬಹುದು. ಕಾಲರ್ ಕೂಡಿಸುವುದು ಕೈ ಪಳಗಿದವರ ಕೆಲಸ. ಸ್ವಲ್ಪ ಮಷೀನ್ ಬರುತ್ತೆ ಅನ್ನುವ ಹೆಲ್ಪರ್ ಒಬ್ಬಳನ್ನು ಆ ಜಾಗಕ್ಕೆ ಕೂರಿಸುತ್ತಾರೆ. ಅವಳ ಕೈಯಲ್ಲಿ ಗಂಟೆಗೆ 35 ಆಗುತ್ತದೆ. ಅವಳ ಹಿಂದೆ ಇರುವವರು ಎಷ್ಟೇ ವೇಗವಾಗಿ ಹೊಲಿದರೂ ಬಂಡಲ್‌ಗಳು ಅವಳ ಪಕ್ಕದಲ್ಲಿ ರಾಶಿ ಬೀಳುತ್ತವೆ. ಮುಂದೆ ಇರುವವರು ಕೈಕಟ್ಟಿ ಕೂರುತ್ತಾರೆ. ಇಡೀ ಬ್ಯಾಚ್ ಗಂಟೆಗೆ 35ಕ್ಕೆ ನಿಲ್ಲುತ್ತದೆ. ಗಂಟೆಗೆ 25 ಪೀಸ್ ಕಡಿಮೆ ಅಂದರೆ ಸಂಜೆ ಹೊತ್ತಿಗೆ 200 ಶರ್ಟ್ ಬಾಕಿ. ಒಬ್ಬರು ಬಾರದಿದ್ದಕ್ಕೆ ಇಷ್ಟು.

ಶಿಪ್‌ಮೆಂಟಿನ ತಾರೀಖು ತಪ್ಪಿದರೆ ಹಡಗಿನಲ್ಲಿ ಹೋಗಬೇಕಾದ ಮಾಲನ್ನು ವಿಮಾನದಲ್ಲಿ ಕಳಿಸಬೇಕಾಗುತ್ತದೆ. ಆ ಖರ್ಚು ಸಾಮಾನ್ಯವಾಗಿ ಫ್ಯಾಕ್ಟರಿಯ ತಲೆಗೇ ಬರುತ್ತದೆ. ಅದಕ್ಕೇ ಬೈಯ್ಯುವುದು ಮೇಲಿನಿಂದ ಶುರುವಾಗುತ್ತದೆ. ಪ್ರೊಡಕ್ಷನ್ ಮ್ಯಾನೇಜರ್ ಫ್ಲೋರ್ ಇನ್‌ಚಾರ್ಜ್‌ಗೆ ಬೈಯ್ಯುತ್ತಾನೆ, ಇನ್‌ಚಾರ್ಜ್ ಸೂಪರ್‌ವೈಸರ್‌ಗೆ, ಸೂಪರ್‌ವೈಸರ್ ಟೈಲರ್‌ಗೆ. ಟೈಲರ್ ಯಾರಿಗೆ ಬೈಯ್ಯಬೇಕು? ಅವತ್ತು ಆ ಹೆಲ್ಪರ್ ಹುಡುಗಿ ಕೇಳಿಸಿಕೊಳ್ಳುವ ಮಾತುಗಳನ್ನು ಇಲ್ಲಿ ಬರೆಯಲಾಗುವುದಿಲ್ಲ. ಅವಳು ಮಾಡಿದ ತಪ್ಪು ಏನೂ ಇಲ್ಲ. ಆ ಕೆಲಸವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೇ. ನಾಳೆ ಅವಳು ಬಾರದಿದ್ದರೆ ಇನ್ನೊಂದು ಜಾಗ ಖಾಲಿ. ಒಬ್ಬರು ಬಿಟ್ಟರೆ ಉಳಿದವರ ಮೇಲೆ ಒತ್ತಡ, ಒತ್ತಡಕ್ಕೆ ಇನ್ನೊಬ್ಬರು ಬಿಡುತ್ತಾರೆ. ಜನ ನಿಲ್ಲುವುದಿಲ್ಲ ಅನ್ನುವುದರ ಅರ್ಧ ಕಾರಣ ಇಲ್ಲೇ ಇದೆ.

ಇನ್ನರ್ಧ ಸಂಬಳದ ಚೀಟಿಯಲ್ಲಿದೆ. ಗಾರ್ಮೆಂಟ್ಸ್ ಕೆಲಸಕ್ಕೆ ರಾಜ್ಯ ಸರ್ಕಾರ ಕನಿಷ್ಠ ವೇತನ ಗೊತ್ತು ಮಾಡುತ್ತದೆ. ಬೆಲೆ ಏರಿಕೆಗೆ ತಕ್ಕಂತೆ ಪ್ರತಿ ಏಪ್ರಿಲ್‌ನಲ್ಲಿ ಡಿಎ, ಅಂದರೆ ತುಟ್ಟಿಭತ್ಯೆ ಸೇರುತ್ತದೆ. ಇದಕ್ಕಿಂತ ಕಡಿಮೆ ಕೊಡಬಾರದು ಅನ್ನುವುದಷ್ಟೇ ಕಾನೂನಿನ ಉದ್ದೇಶ. ಆದರೆ ಎಷ್ಟೋ ಕಡೆ ಇದಕ್ಕಿಂತ ಜಾಸ್ತಿ ಕೊಡುವುದೂ ಇಲ್ಲ. ಹತ್ತು ವರ್ಷ ಹೊಲಿದವಳಿಗೂ ಮೊನ್ನೆ ಮೊನ್ನೆ ಮಷೀನ್ ಕಲಿತವಳಿಗೂ ಸಂಬಳದಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ಆ ಡಿಎ ಕೂಡ ಸುಮ್ನೆ ಬರುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಕೊಡಬೇಕಾಗಿದ್ದ ತಿಂಗಳಿಗೆ ₹417.60 ಡಿಎಯನ್ನು ಸರ್ಕಾರ ಮುಂದೂಡಿತು. ಕಾರ್ಮಿಕ ಸಂಘಟನೆಗಳು ಹೈಕೋರ್ಟಿಗೆ ಹೋದವು. ಕೋರ್ಟು ಮುಂದೂಡುವುದಕ್ಕೆ ತಡೆ ಕೊಟ್ಟ ಮೇಲೂ ಬಹಳಷ್ಟು ಫ್ಯಾಕ್ಟರಿಗಳು ಬಾಕಿ ಕೊಡಲು ವರ್ಷದ ಮೇಲೆ ತೆಗೆದುಕೊಂಡವು. ಅದೇ ಮಷೀನಿನ ಮುಂದೆ ಅದೇ ಸಂಬಳಕ್ಕೆ ಕೂತಿರಬೇಕು ಎಂದಾದರೆ, ಯಾವ ಫ್ಯಾಕ್ಟರಿ ಆದರೇನು?

ಪಿಎಫ್ ವಿಷಯ ಬಹಳ ಜನರಿಗೆ ಅರ್ಥವಾಗಿಲ್ಲ. ಮೂಲ ವೇತನ ಮತ್ತು ಡಿಎ ಸೇರಿ ತಿಂಗಳಿಗೆ ₹13,000 ಎಂದುಕೊಳ್ಳಿ. ಕೆಲಸಗಾರ್ತಿಯ ಪಾಲು ಶೇ 12, ಅಂದರೆ ₹1,560 ಕಡಿತ. ಮಾಲೀಕರೂ ಅಷ್ಟೇ ಹಾಕುತ್ತಾರೆ. ಅದರಲ್ಲಿ ₹1,083 ಪಿಂಚಣಿ ಖಾತೆಗೆ ಹೋಗಿ, ಉಳಿದ ₹477 ಪಿಎಫ್‌ಗೆ ಸೇರುತ್ತದೆ. ಒಟ್ಟು ತಿಂಗಳಿಗೆ ₹2,037. ವರ್ಷಕ್ಕೆ ₹24,000ಕ್ಕಿಂತ ಸ್ವಲ್ಪ ಜಾಸ್ತಿ. ಬಾಡಿಗೆ, ರೇಷನ್, ಚೀಟಿ, ಬಡ್ಡಿ ಎಲ್ಲ ಕಳೆದ ಮೇಲೆ ಆ ಮನೆಯಲ್ಲಿ ಬೇರೆ ಉಳಿತಾಯವೇ ಇರುವುದಿಲ್ಲ. ಮಗಳ ಕಾಲೇಜು ಫೀಸು, ಅತ್ತೆಯ ಆಪರೇಷನ್, ತಂಗಿಯ ಮದುವೆ ಯಾವುದೇ ಬಂದರೂ ಇರುವ ಗಂಟು ಅದೊಂದೇ. ಆ ಗಂಟು ಪೂರ್ತಿ ಕೈಗೆ ಬರಬೇಕಾದರೆ ಕೆಲಸ ಬಿಡಬೇಕು. ಹಾಗಾಗಿ ರಾಜೀನಾಮೆ ಕೊಟ್ಟು, ಪಿಎಫ್ ತೆಗೆದು, ಕೆಲವು ದಿನ ಬಿಟ್ಟು ಇನ್ನೊಂದು ಫ್ಯಾಕ್ಟರಿಗೆ ಸೇರುತ್ತಾರೆ. ಹೊರಗಿನಿಂದ ನೋಡುವವರಿಗೆ ಇದು ನಿಲ್ಲದ ಬುದ್ಧಿಯಂತೆ ಕಾಣುತ್ತದೆ. ಅವಳ ಮಟ್ಟಿಗೆ ಅದು ಬ್ಯಾಂಕಿಗೆ ಹೋಗಿ ಎಫ್‌ಡಿ ಮುರಿಸಿದಷ್ಟೇ ಸಹಜ.

2016ರಲ್ಲಿ ಇದು ಇಡೀ ದೇಶಕ್ಕೆ ಗೊತ್ತಾಯಿತು. ಮಾಲೀಕರು ಕಟ್ಟಿದ ಪಿಎಫ್ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷ ಫೆಬ್ರುವರಿಯಲ್ಲಿ ನಿಯಮ ಮಾಡಿತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಬೆಂಗಳೂರು ನಿಂತುಹೋಯಿತು. 19ರ ಸಂಜೆ ಹೊತ್ತಿಗೆ ಕೇಂದ್ರ ಆ ನಿಯಮ ವಾಪಸ್ ತೆಗೆದುಕೊಂಡಿತು. ಯಾವ ದೊಡ್ಡ ನಾಯಕರೂ ಕರೆ ಕೊಟ್ಟಿರಲಿಲ್ಲ. ಗಾರ್ಮೆಂಟ್ಸ್‌ನಲ್ಲಿ 58 ವರ್ಷದವರೆಗೆ ಹೊಲಿಯುವವರು ಎಷ್ಟು ಜನ ಇರುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು. ಕಣ್ಣು, ಸೊಂಟ, ಮಂಡಿ ಅಲ್ಲಿಯವರೆಗೆ ತಾಳುವುದಿಲ್ಲ.

ಕೆಲಸ ಬಿಡುವಾಗ ಅವರು ಕಳೆದುಕೊಳ್ಳುವುದೂ ಇದೆ. ಅದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡಿಗಂಟು. 1972ರ ಕಾಯ್ದೆಯ ಕಾಲದಿಂದ ಇರುವ ನಿಯಮ ಪ್ರಕಾರ, ಒಂದೇ ಕಡೆ ಐದು ವರ್ಷ ಸತತವಾಗಿ ದುಡಿದರೆ ವರ್ಷಕ್ಕೆ 15 ದಿನದ ಸಂಬಳದಂತೆ ಸಿಗುತ್ತದೆ. ತಿಂಗಳನ್ನು 26 ದಿನ ಎಂದು ಹಿಡಿಯುತ್ತಾರೆ. ₹13,000 ಇದ್ದರೆ ವರ್ಷಕ್ಕೆ ₹7,500. ಐದು ವರ್ಷಕ್ಕೆ ₹37,500. ನಾಲ್ಕು ವರ್ಷಕ್ಕೆ ಬಿಟ್ಟು ಹೊಸ ಫ್ಯಾಕ್ಟರಿ ಸೇರಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ಇಪ್ಪತ್ತು ವರ್ಷ ದುಡಿದರೂ ಒಂದು ರೂಪಾಯಿ ಗ್ರಾಚ್ಯುಟಿ ಕಾಣದವರು ಇದ್ದಾರೆ. ಐದು ವರ್ಷ ಹತ್ತಿರ ಬಂದಾಗ ಹಿರಿಯ ಟೈಲರ್‌ಗಳಿಗೆ ಕಿರಿಕಿರಿ ಕೊಟ್ಟು ಅವರಾಗಿಯೇ ಬಿಡುವಂತೆ ಮಾಡುತ್ತಾರೆ ಅನ್ನುವ ದೂರು ಸಂಘಟನೆಗಳಿಂದ ಬಹಳ ವರ್ಷಗಳಿಂದ ಬರುತ್ತಿದೆ. ಹಾಗೆ ಮಾಡುವ ಕಂಪನಿ ಉಳಿಸಿಕೊಳ್ಳುವುದು ಆ ₹37,500. ಕಳೆದುಕೊಳ್ಳುವುದು ಕಾಲರ್ ಕೂಡಿಸುವ ಕೈಯನ್ನು. ಮೇಲೆ ಮಾಡಿದ 200 ಶರ್ಟಿನ ಲೆಕ್ಕ ನೋಡಿದವರಿಗೆ ಇದು ಎಂಥ ದಡ್ಡತನ ಎಂದು ಹೇಳಬೇಕಿಲ್ಲ.

ಹಾಗಾದರೆ ಕೆಲಸಗಾರರ ಮೇಲೆ ಖರ್ಚು ಮಾಡಿದರೆ ಏನಾಗುತ್ತದೆ? ಇದಕ್ಕೆ ಊಹೆ ಬೇಕಿಲ್ಲ. ಬೆಂಗಳೂರಿನಲ್ಲೇ ಪರೀಕ್ಷೆ ಆಗಿದೆ.

ಅಮೆರಿಕದ ಗ್ಯಾಪ್ ಕಂಪನಿ 2007ರಲ್ಲಿ 'ಪೇಸ್' ಎಂಬ ತರಬೇತಿ ಶುರು ಮಾಡಿತು. ಹೊಲಿಗೆ ಕಲಿಸುವ ತರಬೇತಿ ಅಲ್ಲ ಇದು. ಮಾತಾಡುವುದು, ಸಮಯ ಹೊಂದಿಸಿಕೊಳ್ಳುವುದು, ಸಮಸ್ಯೆ ಬಂದಾಗ ಯೋಚಿಸಿ ತೀರ್ಮಾನ ಮಾಡುವುದು, ಹಣ ನಿಭಾಯಿಸುವುದು, ಆರೋಗ್ಯ, ಕಾನೂನಿನ ತಿಳಿವಳಿಕೆ, ಇಂಥವು. ವಾರಕ್ಕೆ ಎರಡು ಗಂಟೆ, ಸುಮಾರು ಹನ್ನೊಂದು ತಿಂಗಳು. ಅರ್ಧ ಸಮಯ ಕಂಪನಿಯದು, ಅರ್ಧ ಕೆಲಸಗಾರರದು. ಶಾಹಿ ಎಕ್ಸ್‌ಪೋರ್ಟ್ಸ್ ಕಂಪನಿಯ ಬೆಂಗಳೂರಿನ ಐದು ಫ್ಯಾಕ್ಟರಿಗಳಲ್ಲಿ ಇದನ್ನು ತಂದಾಗ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಂ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಳೆಯುವ ಏರ್ಪಾಡು ಮಾಡಿದರು. ಸೇರಬೇಕು ಎಂದು ಹೆಸರು ಕೊಟ್ಟವರು ಸೀಟಿಗಿಂತ ಜಾಸ್ತಿ ಇದ್ದರು. ಚೀಟಿ ಎತ್ತಿ ಆರಿಸಿದರು. ಚೀಟಿ ಬಂದವರು ತರಬೇತಿಗೆ ಹೋದರು, ಬರದವರು ಹೋಗಲಿಲ್ಲ. ಎರಡೂ ಗುಂಪಿನವರಿಗೆ ಕಲಿಯುವ ಆಸೆ ಒಂದೇ ರೀತಿ ಇದ್ದದ್ದರಿಂದ, ಆಮೇಲೆ ಕಂಡ ವ್ಯತ್ಯಾಸ ತರಬೇತಿಯದೇ ಎಂದು ಧೈರ್ಯವಾಗಿ ಹೇಳಬಹುದು.

ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ತರಬೇತಿ ಮುಗಿದ ಮೇಲೆ ಆ ಹೆಣ್ಣುಮಕ್ಕಳ ಉತ್ಪಾದಕತೆ ಉಳಿದವರಿಗಿಂತ ಶೇ 13.5 ಜಾಸ್ತಿ ಇತ್ತು. ತರಬೇತಿ ಮುಗಿದ ಎಂಟು ತಿಂಗಳಿಗೆ ಕಂಪನಿಗೆ ಖರ್ಚು ಕಳೆದು ಬಂದ ಲಾಭ ಹಾಕಿದ ಹಣದ ಶೇ 250ಕ್ಕೂ ಹೆಚ್ಚು.

ಮಾತು ಕಲಿತರೆ ಹೊಲಿಗೆ ಹೇಗೆ ಜಾಸ್ತಿಯಾಗುತ್ತದೆ ಎಂದು ಕೇಳಬಹುದು. ಮತ್ತೆ ಬ್ಯಾಚಿಗೇ ಬನ್ನಿ. ಮಷೀನಿನಲ್ಲಿ ದಾರದ ಬಿಗಿ ಸರಿ ಇಲ್ಲ ಎಂದು ಮೆಕ್ಯಾನಿಕ್‌ನನ್ನು ಕೂಡಲೇ ಕರೆಯುವ ಧೈರ್ಯ. ಈ ಬಂಡಲ್‌ನಲ್ಲಿ ಕಟಿಂಗ್ ತಪ್ಪಿದೆ, ಹೊಲಿದರೆ ಎಲ್ಲಾ ವಾಪಸ್ ಬರುತ್ತೆ ಎಂದು ಸೂಪರ್‌ವೈಸರ್ ಮುಖ ನೋಡಿ ಹೇಳುವುದು. ಈ ಕೆಲಸ ನನಗೆ ಬರಲ್ಲ, ಕಲಿಸಿ ಎಂದು ಕೇಳುವುದು. ಹೆದರಿಕೊಂಡು ಬಾಯಿ ಮುಚ್ಚಿ ಕೂತವಳು ತಪ್ಪು ಪೀಸನ್ನೇ ಹೊಲಿಯುತ್ತಾ ಹೋಗುತ್ತಾಳೆ. ಚೆಕಿಂಗ್‌ನಲ್ಲಿ ಅದು ಸಿಕ್ಕಿಬಿದ್ದು, ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬೇಕಾಗುತ್ತದೆ. ತರಬೇತಿ ಪಡೆದವರು ಹೆಚ್ಚು ಕಷ್ಟದ ಹೊಲಿಗೆ ಕೆಲಸಗಳನ್ನೂ ಕಲಿತರು ಎಂದು ಆ ಅಧ್ಯಯನ ಕಂಡುಕೊಂಡಿದೆ.

ಇದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಕಂಪನಿಯವರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ತರಬೇತಿ ಪಡೆದವರ ಸಂಬಳ ಏರಿದ್ದು ಶೇ 0.5. ₹13,000ಕ್ಕೆ ಲೆಕ್ಕ ಹಾಕಿದರೆ ₹65. ಕೆಲಸ ಶೇ 13.5 ಜಾಸ್ತಿ, ಸಂಬಳ ಶೇ 0.5 ಜಾಸ್ತಿ. ಹಾಗಿದ್ದರೂ ಅವರು ಬೇರೆಯವರಿಗಿಂತ ಹೆಚ್ಚಾಗಿ ಕೆಲಸ ಬಿಟ್ಟು ಹೋಗಲಿಲ್ಲ. 'ಕಲಿಸಿದರೆ ಕಲಿತು ಬಿಟ್ಟು ಹೋಗ್ತಾರೆ' ಎಂದು ತರಬೇತಿಗೆ ಹಿಂದೇಟು ಹಾಕುವ ಮಾಲೀಕರ ಭಯಕ್ಕೆ ಇಲ್ಲಿ ಆಧಾರ ಸಿಗಲಿಲ್ಲ.

ಅವರು ಯಾಕೆ ಹೋಗಲಿಲ್ಲ? ಹೋಗಿ ಪ್ರಯೋಜನ ಇರಲಿಲ್ಲ ಅನ್ನುವುದೇ ನನಗೆ ಕಾಣುವ ಉತ್ತರ. ಹೊಸ ಫ್ಯಾಕ್ಟರಿಯ ಗೇಟಿನಲ್ಲಿ ಮಷೀನಿನ ಮುಂದೆ ಕೂರಿಸಿ ಹೊಲಿಗೆ ನೋಡುತ್ತಾರೆ. ಸಮಸ್ಯೆ ಬಂದಾಗ ಹೇಗೆ ಮಾತಾಡುತ್ತಾಳೆ, ಪಕ್ಕದವಳಿಗೆ ಹೇಗೆ ಕಲಿಸುತ್ತಾಳೆ ಅನ್ನುವುದು ಹತ್ತು ನಿಮಿಷದ ಟ್ರಯಲ್‌ನಲ್ಲಿ ಕಾಣುವುದಿಲ್ಲ. ಅಲ್ಲೂ ಅದೇ ಕನಿಷ್ಠ ವೇತನ. ಹೀಗಾಗಿ ಅವಳ ಹೊಸ ಕೌಶಲದ ಬೆಲೆಯೆಲ್ಲ ಕಂಪನಿಯಲ್ಲೇ ಉಳಿಯುತ್ತದೆ. ತರಬೇತಿ ಒಳ್ಳೆಯದೇ, ಆ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಲಾಭ ಇಷ್ಟು ದೊಡ್ಡದಿರುವಾಗ ಅದರಲ್ಲಿ ಒಂದು ಪಾಲು ಸಂಬಳದ ಚೀಟಿಗೆ ಬರಬೇಕು. ಕೊಡಲು ಶಕ್ತಿ ಇಲ್ಲ ಅನ್ನುವ ಮಾತಿಗೆ ಇಲ್ಲಿ ಜಾಗ ಇಲ್ಲ.

ಸೂಪರ್‌ವೈಸರ್‌ಗಳ ವಿಷಯವನ್ನೂ ನೋಡಬೇಕು. ಹೊಲಿಯುವವರಲ್ಲಿ ಬಹುಪಾಲು ಹೆಂಗಸರು, ಬೈಯ್ಯುವ ಕುರ್ಚಿಯಲ್ಲಿ ಹೆಚ್ಚಾಗಿ ಗಂಡಸರು. ಅವರಿಗೂ ಜನರನ್ನು ನಡೆಸುವುದನ್ನು ಯಾರೂ ಕಲಿಸಿರುವುದಿಲ್ಲ. ಅಧ್ವರ್ಯು, ನೈಷಧಂ ಮತ್ತು ಅವರ ಜೊತೆಯವರು ಸೂಪರ್‌ವೈಸರ್‌ಗಳಿಗೂ ಇಂಥದ್ದೇ ತರಬೇತಿ ಕೊಟ್ಟು ನೋಡಿದರು. ಯಾರಿಗೆ ಕೊಡಬೇಕು ಎಂದು ಮೊದಲು ಮೇಲಿನ ಮ್ಯಾನೇಜರ್‌ಗಳನ್ನು ಕೇಳಿದರು. ಆದರೆ ತರಬೇತಿಯನ್ನು ಆ ಶಿಫಾರಸಿನ ಮೇಲೆ ಕೊಡದೆ, ಇಲ್ಲೂ ಚೀಟಿ ಎತ್ತಿ ಹಂಚಿದರು. ಬಲವಾಗಿ ಶಿಫಾರಸು ಪಡೆದವರ ಲೈನುಗಳಲ್ಲಿ ಉತ್ಪಾದಕತೆ ಏರಲೇ ಇಲ್ಲ. ಶಿಫಾರಸಿನ ಪಟ್ಟಿಯಲ್ಲಿ ಕೆಳಗಿದ್ದವರ ಲೈನುಗಳಲ್ಲಿ ಶೇ 12 ಏರಿತು. ಮ್ಯಾನೇಜರ್‌ಗಳಿಗೆ ತಮ್ಮ ಜನರ ಬಗ್ಗೆ ಗೊತ್ತಿರಲಿಲ್ಲ ಎಂದಲ್ಲ, ತಮಗೆ ಬೇಕಾದವರಿಗೆ ಮಣೆ ಹಾಕಿದರು ಎಂದೂ ಅಲ್ಲ. ಒಬ್ಬ ಸೂಪರ್‌ವೈಸರ್ ಬಿಟ್ಟು ಹೋದರೆ ಅವನ ಕೆಲಸವೆಲ್ಲ ಇವರ ಮೈಮೇಲೆ ಬೀಳುತ್ತದೆ. ಹಾಗಾಗಿ ಬಿಟ್ಟು ಹೋಗಬಹುದಾದವರನ್ನು ಹಿಡಿದಿಟ್ಟುಕೊಳ್ಳಲು ತರಬೇತಿಯನ್ನು ಬಳಸಿಕೊಳ್ಳಲು ನೋಡಿದರು. ಆ ಲೆಕ್ಕ ಸರಿಯಾಗೇ ಇತ್ತು. ತರಬೇತಿ ಸಿಕ್ಕ ಸೂಪರ್‌ವೈಸರ್‌ಗಳು ಕೆಲಸ ಬಿಡುವುದು ಕಡಿಮೆಯಾಯಿತು. ಟೈಲರ್‌ಗಳ ವಿಷಯದಲ್ಲಿ ಬಾರದ ಈ ಬುದ್ಧಿ ಸೂಪರ್‌ವೈಸರ್‌ಗಳ ವಿಷಯದಲ್ಲಿ ಬಂತು ನೋಡಿ.

ದುಬಾರಿ ತರಬೇತಿ ಇಲ್ಲದೆಯೂ ಆಗುವ ಕೆಲಸಗಳಿವೆ. ಇದೇ ಬೆಂಗಳೂರಿನ ಫ್ಯಾಕ್ಟರಿಗಳಲ್ಲಿ ಕರೆಂಟ್ ಬಿಲ್ ಉಳಿಸಲು ಹಳೆಯ ದೀಪಗಳನ್ನು ತೆಗೆದು ಎಲ್‌ಇಡಿ ಹಾಕಿದರು. ಉರಿಯುವ ದೀಪದ ಕಾವು ಕಡಿಮೆಯಾಯಿತು. ಬೇಸಿಗೆಯ ದಿನಗಳಲ್ಲಿ ಕುಸಿಯುತ್ತಿದ್ದ ಉತ್ಪಾದನೆ ಸುಧಾರಿಸಿತು. ಅದನ್ನೂ ಲೆಕ್ಕಕ್ಕೆ ಹಿಡಿದರೆ ದೀಪಕ್ಕೆ ಹಾಕಿದ ಹಣ ವಾಪಸ್ ಬರಲು ಬೇಕಾದ ಸಮಯ ಸುಮಾರು ಆರನೇ ಒಂದು ಭಾಗಕ್ಕೆ ಇಳಿಯಿತು. ಕೆಲಸಗಾರರ ಮಾತು ಕೇಳುವುದೂ ಹೀಗೇ. ಕನಿಷ್ಠ ವೇತನ ನಿರೀಕ್ಷೆಯಷ್ಟು ಏರದೆ ಬೇಸರವಾಗಿದ್ದ ಹೊತ್ತಿನಲ್ಲಿ ಕೆಲವರನ್ನು ಕೂರಿಸಿ ಅವರ ಅಭಿಪ್ರಾಯ ಕೇಳಿ ಬರೆದುಕೊಂಡರು. ಅಷ್ಟಕ್ಕೇ ಆ ಗುಂಪಿನಲ್ಲಿ ಕೆಲಸ ಬಿಡುವುದೂ, ಹೇಳದೆ ರಜೆ ಹಾಕುವುದೂ ಕಡಿಮೆಯಾದವು. ಆದರೆ ಕೇಳಿದ ಮೇಲೆ ಏನಾದರೂ ಮಾಡಬೇಕು. ಮತ್ತೆ ಮತ್ತೆ ಬರೀ ಕೇಳಿಕೊಂಡು ಹೋದರೆ ಎಷ್ಟು ದಿನ ನಂಬುತ್ತಾರೆ?

ಕಾನೂನು ಈಗ ಸ್ವಲ್ಪ ಬದಲಾಗಿದೆ. 2025ರ ನವೆಂಬರ್ 21ರಂದು ಹಳೆಯ 29 ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಸಂಘಟನೆಗಳಿಗೆ ಇವುಗಳ ಬಗ್ಗೆ ಗಟ್ಟಿ ತಕರಾರುಗಳಿವೆ. ಆದರೂ ಕೆಲಸಗಾರರು ತಿಳಿದಿರಬೇಕಾದ ಮೂರು ವಿಷಯ ಅವುಗಳಲ್ಲಿವೆ. ಎಲ್ಲರಿಗೂ ನೇಮಕಾತಿ ಪತ್ರ ಕೊಡಲೇಬೇಕು. ಇಷ್ಟು ಅವಧಿಗೆ ಎಂದು ಗೊತ್ತುಮಾಡಿ ಕೆಲಸಕ್ಕೆ ತೆಗೆದುಕೊಂಡವರಿಗೆ ಒಂದು ವರ್ಷ ದುಡಿದರೂ ಗ್ರಾಚ್ಯುಟಿ ಇದೆ. ಕಾಯಂ ಕೆಲಸದವರಿಗೆ ಮಾತ್ರ ಐದು ವರ್ಷದ ನಿಯಮ ಹಾಗೇ ಉಳಿದಿದೆ. ಕೆಲಸ ಬಿಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಸೆಟ್ಲ್‌ಮೆಂಟಿಗಾಗಿ ತಿಂಗಳುಗಟ್ಟಲೆ ಗೇಟಿಗೆ ಅಲೆಯುವವರಿಗೆ ಈ ಕೊನೆಯದು ಬಹಳ ಮುಖ್ಯ. ಇದನ್ನು ಅವರಿಗೆ ಕನ್ನಡದಲ್ಲಿ ಯಾರಾದರೂ ಹೇಳಬೇಕು.

ಎಚ್‌ಆರ್‌ನಲ್ಲಿ ಇರುವವರಿಗೆ ಒಂದು ಕೆಲಸ ಹೇಳುತ್ತೇನೆ. ರಾಜೀನಾಮೆ ಪತ್ರಗಳಲ್ಲಿ 'ಸ್ವಂತ ಕಾರಣ' ಎಂದು ಬರೆಸಿಕೊಂಡು ಫೈಲಿಗೆ ಹಾಕಬೇಡಿ. ಯಾವ ಬ್ಯಾಚ್, ಯಾವ ಹೊಲಿಗೆ ಕೆಲಸ, ಎಷ್ಟು ವರ್ಷದ ಸರ್ವೀಸ್, ಕೊನೆಯ ತಿಂಗಳು ಎಷ್ಟು ಸಲ ರಜೆ ಕೇಳಿದ್ದರು, ಎಷ್ಟು ಸಲ ಸಿಕ್ಕಿತ್ತು ಎಂದು ಬರೆದಿಡಿ. ಆರು ತಿಂಗಳ ಪಟ್ಟಿ ಬ್ಯಾಚ್‌ವಾರು ಹಾಕಿ ನೋಡಿ. ಒಂದು ಬ್ಯಾಚಿನಿಂದ ತಿಂಗಳಿಗೆ ನಾಲ್ಕೈದು ಜನ ಹೋಗುತ್ತಿದ್ದು, ಪಕ್ಕದ ಬ್ಯಾಚಿನಿಂದ ಒಬ್ಬರೂ ಹೋಗಿಲ್ಲ ಎಂದರೆ ಇಬ್ಬರಿಗೂ ಸಂಬಳ ಒಂದೇ, ಊರೂ ಒಂದೇ, ಹಬ್ಬವೂ ಒಂದೇ. ಆಗ ಆ ಬ್ಯಾಚಿನ ಟಾರ್ಗೆಟ್ ಶೀಟು, ರಜೆ ರಿಜಿಸ್ಟರ್ ಎರಡನ್ನೂ ತೆಗೆದುಕೊಂಡು ಅದರ ಸೂಪರ್‌ವೈಸರ್ ಜೊತೆ ಕೂರಬೇಕು.